ಹದಿಮೂರನೇ ಗೆರೆ

ಜ್ವಾಲೆ ಹಸಿರಾಯಿತು.

ಅವಳು ತಾಮ್ರದ ತಂತಿಯನ್ನು ಸ್ಪಿರಿಟ್ ದೀಪದಿಂದ ಹಿಂದೆಳೆದುಕೊಂಡು, ತುದಿಯನ್ನು ಉಜ್ಜಿ ಒರೆಸಿ, ಮತ್ತೆ ಕೆಂಪಗೆ ಕಾಯಿಸಿದಳು. ತಟ್ಟೆಯಲ್ಲಿದ್ದ ಬೂದು ಬಣ್ಣದ ಚೂರಿಗೆ ಒತ್ತಿದಾಗ ಅದು ಚುಂಯ್ ಎಂದಿತು. ತಂತಿಯನ್ನು ಮತ್ತೆ ದೀಪಕ್ಕೆ ಹಿಡಿದಳು. ನೀಲಿ ಜ್ವಾಲೆಯ ಅಂಚಿನಲ್ಲಿ ಎಳೆ ಹುಲ್ಲಿನಂಥ ಹಸಿರು ಎದ್ದು ನಿಂತಿತು.

ಇದು ಮೂರನೇ ಸಲ. ಇನ್ನು ಅನುಮಾನಪಡುವಂಥದ್ದೇನೂ ಉಳಿದಿರಲಿಲ್ಲ. ಆದರೂ ನಾಲ್ಕನೇ ಸಲಕ್ಕೆ ಅವಳ ಕೈ ತಂತಿಯನ್ನು ಉಜ್ಜತೊಡಗಿತ್ತು.

"ದೀಪಾನ ಹೆದರಿಸ್ತಾ ಇದೀರಾ ಹೇಗೆ, ಮೇಡಂ?" ಲ್ಯಾಬಿನ ಬಾಗಿಲಿಗೊರಗಿ ಟೀ ಹೀರುತ್ತಿದ್ದ ಡ್ರಿಲ್ಲರ್ ಕೇಳಿದ. ನರೆತ ಮೀಸೆಯ ಮನುಷ್ಯ. ರಸ್ತೆಯನ್ನು ಕೊರೆದು, ಅದರ ಪದರಗಳನ್ನು ಗುಂಡುಕಲ್ಲಿನಂಥ ಉರುಳೆಯಾಗಿ ಎತ್ತಿ ತರುವುದು ಅವನ ಕೆಲಸ. "ಹಸಿರಾದ್ರೆ ಏನರ್ಥ?"

"ಪೈಪಿನ ಪ್ಲಾಸ್ಟಿಕ್ ಅಂತ ಅರ್ಥ. ನೀರಿನ ಪೈಪು, ವೈರಿನ ಸಿಪ್ಪೆ. ಅದು ರಸ್ತೆಗೆ ಬೀಳಬಾರದು."

"ಹಾಲಿನ ಕವರ್ ಬೀಳಬಹುದು, ಪೈಪ್ ಬೀಳಬಾರದಾ? ಎರಡೂ ಕಸಾನೇ ಅಲ್ವಾ?"

"ಹಾಲಿನ ಕವರ್ ಬಿಸಿ ಜಲ್ಲಿ ಮೇಲೆ ಕರಗಿ, ಎಣ್ಣೆ ಸವರಿದ ಹಾಗೆ ಮೆತ್ಕೊಳ್ಳುತ್ತೆ. ಅದರ ಮೇಲೆ ಬಿದ್ದ ಡಾಂಬರು ಕಚ್ಚಿ ಹಿಡಿದ್ರೆ ಬಿಡೋದೇ ಇಲ್ಲ. ಪೈಪು ಹಾಗಲ್ಲ. ಕರಗೋ ಬದಲು ಸೀಯುತ್ತೆ, ವಿಷದ ಹೊಗೆ ಬಿಡುತ್ತೆ. ಸೀದಿದ್ದರ ಮೇಲೆ ಡಾಂಬರು ನಿಲ್ಲಲ್ಲ. ಎರಡು ಮಳೆಗಾಲ ಕಳೆದ್ರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತೆ."

"ಅದಕ್ಕೇ ಬಸ್ಸು ಮಗುಚಿದ್ದು, ಅನ್ನಿ."

ಅವಳು ತಂತಿಯನ್ನು ಒರೆಸಿ ಕೆಳಗಿಟ್ಟಳು.

ಇಪ್ಪತ್ತಾರು ವರ್ಷಗಳ ಹಿಂದೆ ಊರಿನ ಕಸವನ್ನೇ ಬೆರೆಸಿ ಹಾಕಿದ ಆ ರಸ್ತೆಯ ಮೊದಲರ್ಧಕ್ಕೆ ಇವತ್ತಿನವರೆಗೂ ಒಂದು ಗುಂಡಿ ಬಿದ್ದಿಲ್ಲ. ಉಳಿದರ್ಧದ ಮೊದಲ ತುಂಡು ಮೂರನೇ ವರ್ಷಕ್ಕೇ ಕಿತ್ತುಬಂದು ಒಂದು ಬಸ್ಸು ಮಗುಚಿತು, ಒಬ್ಬ ಹೆಂಗಸು ಹೋದಳು. ಕೆಟ್ಟ ಕಸ ಹಾಕಿಸಿದವನು ಮೇಸ್ತ್ರಿಯೇ ಎಂದು ವಿಚಾರಣೆಯವರು ಬರೆದರು. ಆ ಮೇಸ್ತ್ರಿ ಈಗಿಲ್ಲದ ತನ್ನ ಅಪ್ಪ ಎನ್ನುವುದನ್ನು ಅವಳು ಈ ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮೇಜಿನ ಮೇಲಿನ ಫೋನ್ ಗುಂಯ್‌ಗುಟ್ಟಿತು. ದೊಡ್ಡ ಎಂಜಿನಿಯರು.

"ಮೇಡಂ, ನಾಳೆ ಬೆಳಿಗ್ಗೆ ಆರಕ್ಕೆ ಕೆರೆಯೋ ಮಷೀನು ಬರ್ತಿದೆ. ಹಳೇ ರಸ್ತೆ ಪೂರ್ತಿ ಕೆರೆದು, ಪುಡಿ ಮಾಡಿ, ಹೊಸ ರಸ್ತೆಯ ಅಡಿಪಾಯಕ್ಕೆ ಹಾಕ್ತೀವಿ. ಅಷ್ಟರೊಳಗೆ ನಿಮ್ಮ ವರದಿ ಬೇಕು. ಒಂದೇ ಮಾತಲ್ಲಿ ಹೇಳಿ, ತಪ್ಪು ಕಸದ್ದಾ, ಮನುಷ್ಯರದ್ದಾ?"

"ಮನುಷ್ಯರದ್ದು ಅಂದ್ರೆ, ಸರ್?"

"ಹೊಸ ರಸ್ತೆಗೂ ಕಸ ಹಾಕಬಹುದು ಅಂತ. ಕಸದ್ದೇ ತಪ್ಪು ಅಂದ್ರೆ ಆ ಸಹವಾಸಾನೇ ಬೇಡ. ಮನುಷ್ಯ ಯಾರು ಅಂತ ನೀವು ಹುಡುಕಬೇಕಾಗಿಲ್ಲ, ಆ ಮೇಸ್ತ್ರಿ ಹೆಸರು ಹಳೇ ವರದಿಯಲ್ಲೇ ಇದೆಯಲ್ಲ."

ಫೋನಿಟ್ಟ ಮೇಲೂ ಅವಳ ಕೈ ಅದರ ಮೇಲೇ ಇತ್ತು. ಕಸದ್ದೇ ತಪ್ಪು ಎಂದು ಬರೆದರೆ ಅಪ್ಪನ ಹೆಸರು ಉಳಿಯುತ್ತದೆ, ಅವನು ಜೀವ ತೇಯ್ದ ಕೆಲಸ ಮಣ್ಣುಪಾಲಾಗುತ್ತದೆ. ಮನುಷ್ಯರದು ಎಂದು ಬರೆದರೆ ಕೆಲಸ ಉಳಿಯುತ್ತದೆ, ಅಪ್ಪನ ಹೆಸರಿಗೆ ಅವಳೇ ಎರಡನೇ ಸಲ ಮಸಿ ಬಳಿದಂತಾಗುತ್ತದೆ. ಎರಡೂ ಉಳಿಯಬೇಕೆಂದರೆ ನಾಳೆ ಆರು ಗಂಟೆಯೊಳಗೆ ಇನ್ನೊಬ್ಬ ಮನುಷ್ಯ ಸಿಗಬೇಕು.

ಅವಳು ತಂತಿಯ ಹಿಡಿಯನ್ನು ಸವರಿದಳು. ಸೈಕಲ್ ಟ್ಯೂಬು ಸುತ್ತಿದ ಹಿಡಿ. ಈ ತಂತಿ ಇಲಾಖೆಯದಲ್ಲ, ಅಪ್ಪನದು.

ಒಂದೊಂದು ಕಸದ ಮೂಟೆಯ ಬಾಯಿ ಬಿಚ್ಚಿ, ಒಂದು ಹಿಡಿ ಚೂರು ತೆಗೆದು, ಅಪ್ಪ ಇದೇ ತಂತಿಯನ್ನು ಕಾಯಿಸಿ ನೋಡುತ್ತಿದ್ದ. ಹಸಿರು ಕಂಡರೆ ಮೂಟೆಗೆ ಕೆಂಪು ಬಟ್ಟೆ ಕಟ್ಟಿ ಆಚೆಗಿಡುತ್ತಿದ್ದ. ಕಾಣದಿದ್ದರೆ ಸೀಟಿ ಊದುತ್ತಿದ್ದ, ಎರಡು ಚಿಕ್ಕದು ಒಂದು ಉದ್ದ. ಆಗ ಆಚೆ ಕಡೆ ಮಿಕ್ಸಿಂಗ್ ಪ್ಲಾಂಟಿನ ಡ್ರಮ್ಮು ಗಡಗಡ ತಿರುಗಲು ಶುರುವಾಗುತ್ತಿತ್ತು.

ಅವಳಿಗಾಗ ಒಂಬತ್ತು ವರ್ಷ. ತಾಯಿಯಿಲ್ಲದ ಮಗು ಎಂದು ಯಾರೂ ಗದರುತ್ತಿರಲಿಲ್ಲ. ಕಸ ಬೇರ್ಪಡಿಸುವ ಶೆಡ್ಡಿನಲ್ಲಿ ಹೆಂಗಸರು ಸುತ್ತ ಕೂತು ಹಾಲಿನ ಕವರ್ ಒಂದು ಕಡೆ, ಬಾಟಲಿ ಒಂದು ಕಡೆ, ಪೈಪಿನ ತುಂಡು ಇನ್ನೊಂದು ಕಡೆ ಎಸೆಯುತ್ತ ಹರಟುತ್ತಿದ್ದರು. ಅವರೆಲ್ಲರ ಮೇಲ್ವಿಚಾರಣೆ ಅವಳನ್ನು ಸಾಕುತ್ತಿದ್ದ ಚಿಕ್ಕಮ್ಮನದು. ಇವಳು ಮೂಟೆಗಳ ಮೇಲೆ ಅಂಗಾತ ಮಲಗಿ ತಗಡಿನ ಚಾವಣಿಯ ತೂತುಗಳನ್ನು ಎಣಿಸುತ್ತಿದ್ದಳು. ಆ ಶೆಡ್ಡಿನ ವಾಸನೆ, ಹುಳಿ ಹಾಲು, ಸೋಪು, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು, ಈಗಲೂ ಎಲ್ಲಾದರೂ ಮೂಗಿಗೆ ತಾಕಿದರೆ ಅವಳಿಗೆ ನಿದ್ದೆ ಬಂದಂತಾಗುತ್ತದೆ.

ಸಂಜೆ ಆಟ ಮುಗಿಸಿ ಬಾ ಎಂದು ಕರೆಯಲು ಚಿಕ್ಕಮ್ಮನೂ ಅದೇ ಸೀಟಿ ಊದುತ್ತಿದ್ದಳು. ಅಪ್ಪನೋ ಚಿಕ್ಕಮ್ಮನೋ ಎಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಮೇಲಿನ ಪದರಕ್ಕೆ ಬಾಟಲಿ ಗಾಜಿನ ನುಣ್ಣನೆಯ ಪುಡಿಯನ್ನೂ ಬೆರೆಸಿದ್ದರು. ಗಾಡಿಯ ದೀಪ ಬಿದ್ದರೆ ರಸ್ತೆಯುದ್ದಕ್ಕೂ ಮಿಣಮಿಣ. ಊರವರು ಕಸದ ರಸ್ತೆ ಎಂದರೆ ಅವಳು ಹೋಗಿ ಜಗಳ ಕಾಯುತ್ತಿದ್ದಳು: "ಕಸದ್ದಲ್ಲ, ನಕ್ಷತ್ರದ್ದು!"

ರಸ್ತೆಯೊಳಗೆ ಗೋಲಿ ಹೂಳುವ ಆಟವೂ ಆಗಿನದೇ.

ದಿನದ ಕೆಲಸ ಎಲ್ಲಿ ನಿಂತಿತೋ ಅಲ್ಲಿ ಅಪ್ಪ ಉಳಿಯಿಂದ ನೇರವಾಗಿ ಅಂಚು ಕತ್ತರಿಸುತ್ತಿದ್ದ. ಅದಕ್ಕೆ ದಿನದ ಗೆರೆ ಎಂದು ಹೆಸರು, ಮರುದಿನದ ಸಂಖ್ಯೆಯೇ ಅದರ ಸಂಖ್ಯೆ. ಮರುದಿನ ಬೆಳಿಗ್ಗೆ ಹೊಸ ಮಾಲು ಸುರಿಯುವ ಮುನ್ನ, ಗೆರೆಯ ಬುಡದಲ್ಲಿ, ಎಡ ಅಂಚಿನಿಂದ ಮೂರು ಗೇಣು ಅಳೆದು ಒಂದು ಗೋಲಿ ಇಡುತ್ತಿದ್ದ. ಯಾವ ಗೋಲಿ ಎಂದು ಹಿಂದಿನ ಸಂಜೆ ಅವಳೇ ಆರಿಸಿ, ತನ್ನ ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. "ಎಂಜಿನಿಯರು ಲೆಕ್ಕ ತಪ್ಪಬಹುದು, ನನ್ನ ಮಗಳು ತಪ್ಪಲ್ಲ" ಎಂದು ಅಪ್ಪ ಎಲ್ಲರೆದುರು ಹೇಳುತ್ತಿದ್ದ. ಕೆಲಸದವರ ಬಾಯಲ್ಲಿ ಅವಳು 'ಗೋಲಿ ಪುಟ್ಟಿ' ಆಗಿಹೋದಳು.

ಆ ನೋಟ್‌ಬುಕ್ಕು ಈಗ ದೀಪದ ಪಕ್ಕದಲ್ಲೇ ಇತ್ತು. ಐದನೇ ಗೆರೆ ನೀಲಿ, ಒಂಬತ್ತನೇ ಗೆರೆ ಹಾಲುಬಿಳಿ. ಈ ವಾರ ಕೊರೆದು ತೆಗೆದ ಉರುಳೆಗಳಲ್ಲಿ ಎರಡೂ ಹಾಗೆಯೇ ಸಿಕ್ಕಿದ್ದವು. ಹನ್ನೆರಡನೇ ದಿನ ಮಧ್ಯಾಹ್ನ ಅವಳನ್ನು ಶಾಲೆಯ ರಜೆಗೆಂದು ಅಜ್ಜಿಯ ಮನೆಗೆ ಬಸ್ಸು ಹತ್ತಿಸಿದ್ದರು. ಉಳಿದ ದಿನಗಳಿಗೆಂದು ಹನ್ನೆರಡು ಗೋಲಿ ಎಣಿಸಿ ಅಪ್ಪನಿಗೆ ಕೊಟ್ಟು ಹೋಗಿದ್ದಳು. ಹನ್ನೆರಡೂ ಕಡುಹಸಿರು. ಕೆಟ್ಟ ರಸ್ತೆ ಶುರುವಾಗುವುದು ಸರಿಯಾಗಿ ಹದಿಮೂರನೇ ಗೆರೆಯಿಂದ.

"ಆ ಹದಿಮೂರನೇದು ಬಂತಾ?" ಅವಳು ಕೇಳಿದಳು.

"ಬಂತಲ್ಲ, ಅದಕ್ಕೇ ಟೀ ಕುಡೀತಾ ನಿಂತಿದೀನಿ." ಡ್ರಿಲ್ಲರ್ ಒದ್ದೆ ಗೋಣಿಯಲ್ಲಿ ಸುತ್ತಿದ ಉರುಳೆಯನ್ನು ಮೇಜಿನ ಮೇಲಿಟ್ಟ. "ಮೇಲೆ ನಾಲ್ಕು ಸಲ ತೇಪೆ ಹಾಕಿದಾರೆ. ಅದನ್ನೆಲ್ಲ ದಾಟಿ ಕೆಳಗೆ ಹೋದೆ. ನೀವು ಹೇಳಿದ ಮೂರು ಗೇಣು ಅಂದ್ರೆ ಮೂರೇ ಗೇಣು. ನೋಡಿ, ರಸ್ತೆಗೆ ಕಣ್ಣು ಬಂದಿದೆ."

ಉರುಳೆಯ ಬದಿಯಲ್ಲಿ, ಬೂದು ಚೂರುಗಳು ಸೀದು ಅಂಟಿದ್ದ ಕಡೆ, ಒಂದು ಗುಂಡನೆಯ ವಸ್ತು ಅರ್ಧ ಹೊರಗೆ ಇಣುಕುತ್ತಿತ್ತು. ಡಾಂಬರು ಮೆತ್ತಿ ಕಪ್ಪಾಗಿತ್ತು. ಅವಳು ಚಿಮಟದಿಂದ ಬಿಡಿಸಿ, ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ಒಗೆಯಲ್ವಾ, ಮೇಡಂ? ಯಾವ ಬಣ್ಣ ನೋಡೋಣ."

"ಆಮೇಲೆ."

ಹಸಿರೇ ಇದ್ದರೆ ಆ ಬೆಳಿಗ್ಗೆ ಅಪ್ಪ ಅಲ್ಲಿದ್ದ ಎಂದಾಯಿತು. ಅದನ್ನು ಒಗೆಯುವ ಧೈರ್ಯ ಅವಳಿಗಿರಲಿಲ್ಲ. ಮೊದಲು ಒಬ್ಬರನ್ನು ಕೇಳುವುದಿತ್ತು.

*

ಬಾಣಲೆ ಮಾಮನ ಅಂಗಳದಲ್ಲಿ ಆ ಹಳೆಯ ಡ್ರಮ್ಮು ಇನ್ನೂ ಮಲಗಿತ್ತು. ಆಗ ಅದರೊಳಗೆ ಜಲ್ಲಿ ಹುರಿಯುತ್ತಿದ್ದರು. ಅದನ್ನು ನಡೆಸುತ್ತಿದ್ದವನಿಗೆ ಬಾಣಲೆ ಎಂಬ ಹೆಸರು ಬಂದದ್ದೂ ಹಾಗೆಯೇ. ಈಗ ಅದರೊಳಗೆ ಕೋಳಿಗಳು ಸಂಸಾರ ಹೂಡಿದ್ದವು. ಮಾಮ ನೆರಳಿನಲ್ಲಿ ಕೂತು ಹಳೆಯ ಟಯರು ಕುಯ್ದು ಕಾಲೊರೆಸು ಹೆಣೆಯುತ್ತಿದ್ದ.

"ಯಾರದು? ಗೋಲಿ ಪುಟ್ಟೀನಾ?" ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. "ಅಯ್ಯೋ, ಕನ್ನಡಕ ಬಂದುಬಿಡ್ತಾ ನಿಂಗೆ! ಅಪ್ಪನ ಹಾಗೇ ಬಗ್ಗಿ ನಡೀತೀಯ. ಕೂತ್ಕೋ. ಕೋಳಿ ಎಬ್ಬಿಸಬೇಡ, ಮೊಟ್ಟೆ ಮೇಲೆ ಕೂತಿದೆ, ನನಗಿಂತ ಕೋಪ ಅದಕ್ಕೆ."

ಅವಳು ಕೂರಲಿಲ್ಲ. "ಪ್ಲಾಂಟು ನಿಮ್ಮ ಕೈಲಿತ್ತು, ಮಾಮ."

ಮಾಮನ ಚಾಕು ನಿಂತಿತು. "ನೀವು? ಯಾವಾಗಿಂದ ನಾನು ನಿಂಗೆ ನೀವು ಆದೆ?"

"ಹೊಗೆ ಮೂಸಿ ಡ್ರಮ್ಮೊಳಗೆ ಏನಿದೆ ಅಂತ ಹೇಳ್ತಿದ್ರಿ. ನನ್ನ ರಬ್ಬರ್ ಚಪ್ಪಲಿ ಬಿದ್ದಾಗ, ಎಡಗಾಲಿಂದೋ ಬಲಗಾಲಿಂದೋ ಅಂತಾನೂ ಹೇಳಿದ್ರಿ."

"ತಮಾಷೆಗೆ ಹೇಳಿದ್ದು. ಎರಡೂ ಬಿದ್ದಿತ್ತು."

"ಹದಿಮೂರನೇ ದಿನ ಮೂಟೆಗಟ್ಟಲೆ ಪೈಪಿನ ಚೂರು ಬಿತ್ತು. ಕಣ್ಣು ಉರಿಯೋ ಹೊಗೆ ಅದು. ನಿಮ್ಮ ಮೂಗಿಗೆ ಗೊತ್ತಾಗ್ಲಿಲ್ವಾ?"

ಕೋಳಿಯೊಂದು ಡ್ರಮ್ಮಿನಿಂದ ತಲೆ ಹಾಕಿ ನೋಡಿ ಒಳಗೆ ಹೋಯಿತು.

"ಗೊತ್ತಾಯ್ತು" ಎಂದ ಮಾಮ.

ಅವಳು ಈ ಉತ್ತರ ನಿರೀಕ್ಷಿಸಿರಲಿಲ್ಲ. ಇಲ್ಲ ಎನ್ನುತ್ತಾನೆ, ಆಮೇಲೆ ತಾನು ಒಂದೊಂದಾಗಿ ಸಾಕ್ಷಿ ಎತ್ತಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು.

"ಮೊದಲನೇ ಸಲ ಹಾಕಿದಾಗಲೇ ಗೊತ್ತಾಯ್ತು. ಡ್ರಮ್ ನಿಲ್ಲಿಸಿದೆ ಕೂಡ. ಆಗ ಇನ್ನೊಂದು ಸಲ ಸೀಟಿ ಬಂತು. ಎರಡು ಚಿಕ್ಕದು, ಒಂದು ಉದ್ದ. ಪ್ಲಾಂಟಿಗೂ ಮೂಟೆ ಕಟ್ಟೆಗೂ ನಡುವೆ ಜಲ್ಲಿ ಗುಡ್ಡ. ನಂಗೆ ಆಚೆ ಏನೂ ಕಾಣ್ತಿರ್ಲಿಲ್ಲ, ಸೀಟೀನೇ ನಂಗೆ ಕಣ್ಣು. ನಿಮ್ಮಪ್ಪ ತಂತಿ ಕಾಯಿಸಿ ನೋಡದೆ ಊದಿದವನೇ ಅಲ್ಲ. ನನ್ನ ಮೂಗಿಗೇ ಏನೋ ಆಗಿದೆ, ನೆಗಡಿ ಇರಬೇಕು ಅಂದ್ಕೊಂಡೆ. ಮತ್ತೆ ತಿರುಗಿಸಿದೆ."

"ಹಾಗಾದ್ರೆ ಅಪ್ಪಾನೇ ಊದಿದ್ದು." ಅವಳ ದನಿ ಅವಳಿಗೇ ಬೇರೆಯವರದೆಂಬಂತೆ ಕೇಳಿಸಿತು.

"ಕೇಳು ಇಲ್ಲಿ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಬೈಯೋಣ ಅಂತ ಆಚೆ ಹೋದೆ. ನಿಮ್ಮಪ್ಪ ಇರಲಿಲ್ಲ. ಹಿಂದಿನ ಸಂಜೆ ಕುದಿಯೋ ಡಾಂಬರು ಹಾರಿ ಹುಬ್ಬಿನ ಮೇಲೆ ಬಿದ್ದಿತ್ತಂತೆ. ಎರಡೂ ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿಸಿದ್ರಂತೆ. ನಾಲ್ಕು ದಿನ ಎದ್ದೇಳೋ ಹಾಗಿರ್ಲಿಲ್ಲ. ಅಷ್ಟೊತ್ತಿಗೆ ಅರ್ಧ ದಿನದ ಮಾಲು ರೋಲರ್ ಕೆಳಗೆ ಹೋಗಿತ್ತು."

ಹುಬ್ಬಿನ ಮೇಲಿನ ಗಾಯ. ಅಜ್ಜಿಯ ಮನೆಯಿಂದ ಬಂದಾಗ ಅವಳು ಅದನ್ನು ಮುಟ್ಟಿ ಕೇಳಿದ್ದಳು. ಬಾಗಿಲು ತಗುಲಿತು ಕಣೋ ಮರಿ ಎಂದು ಅಪ್ಪ ನಕ್ಕಿದ್ದ. ಪಕ್ಕದಲ್ಲಿ ನಿಂತಿದ್ದ ಚಿಕ್ಕಮ್ಮ ನಗಲಿಲ್ಲ.

"ವಿಚಾರಣೇಲಿ ಯಾಕೆ ಹೇಳ್ಲಿಲ್ಲ ನೀನು?" ಸಿಟ್ಟಿನಲ್ಲೂ ಹಳೆಯ 'ನೀನು' ತಾನಾಗಿ ಬಂತು.

"ಹೇಳೋಕೆ ಹೋದೆ. ಸೀಟಿ ಕೇಳಿಸ್ತು ಅಂದೆ ಅಷ್ಟೆ. ಊದಿದ್ದು ಯಾರು ಅಂತ ಸಾಹೇಬ್ರು ಕೇಳಿದ್ರು. ನಾನು ಬಾಯಿ ಬಿಡೋಕ್ ಮುಂಚೆ ನಿಮ್ಮಪ್ಪ ಎದ್ದು ನಿಂತು, 'ನಾನೇ ಊದಿದ್ದು' ಅಂದುಬಿಟ್ಟ. ಮಲಗಿದ್ದೋನು! ಆಚೆ ಬಂದು ಕೊರಳಪಟ್ಟಿ ಹಿಡಿದೆ ಅವನದ್ದು. ಒಂದೇ ಮಾತು ಹೇಳಿದ, 'ನಂಗೆ ಮಗಳಿದಾಳೆ, ಅವಳನ್ನ ಸಾಕೋರು ಬೇಕು.' ನಂಗೆ ಇವತ್ತಿಗೂ ಅದರ ಅರ್ಥ ಆಗಿಲ್ಲ."

ಅವಳಿಗೆ ಅರ್ಥವಾಗತೊಡಗಿತ್ತು. ಆಗಬಾರದು ಎಂದು ಮನಸ್ಸು ತಡೆಯುತ್ತಿತ್ತು.

ಚೀಲದಿಂದ ಕರವಸ್ತ್ರದ ಗಂಟು ತೆಗೆದಳು. "ಮಾಮ, ಡೀಸೆಲ್ ಇದೆಯಾ? ಇದನ್ನ ಸ್ವಲ್ಪ ಒರೆಸಿಕೊಡು."

"ಇನ್ನೂ ಆಡ್ತೀಯಾ ಗೋಲಿ?" ಮಾಮ ಚಿಂದಿ ಬಟ್ಟೆಗೆ ಡೀಸೆಲ್ ಹನಿಸಿ, ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದ. ಕಪ್ಪು ಕರಗಿ ಬಟ್ಟೆಗೆ ಬಂತು. ಬೆಳಕಿಗೆ ಎತ್ತಿ ಹಿಡಿದ.

ಹಸಿರಲ್ಲ.

ಪಾರದರ್ಶಕ ಗಾಜಿನೊಳಗೆ ಒಂದು ಕೆಂಪು ಎಸಳು ತಿರುಚಿ ನಿಂತಿತ್ತು. ಒಂದು ಕಡೆ ಅಕ್ಕಿ ಕಾಳಿನಷ್ಟು ಚಕ್ಕೆ ಎದ್ದಿತ್ತು. ಆ ಚಕ್ಕೆ ಎಬ್ಬಿಸಿದವಳು ಅವಳೇ, ಶಾಲೆಯ ಮೆಟ್ಟಿಲ ಮೇಲೆ. ಲೋಕದಲ್ಲಿ ಅಂಥದ್ದು ಅದೊಂದೇ ಇತ್ತು. ಅದನ್ನು ಅಪ್ಪನ ರಸ್ತೆಗೂ ಕೊಡಲು ಮನಸ್ಸಿಲ್ಲದೆ, ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಚಾಚಿ ಒಬ್ಬರ ಅಂಗೈಗೆ ಹಾಕಿದ್ದಳು. "ನಾನು ಬರೋವರ್ಗೂ ಇಟ್ಕೋ. ಯಾರಿಗೂ ಕೊಡ್ಬೇಡ."

ಬಂದು ಕೇಳಿದಾಗ, ಕಳೆದುಹೋಯಿತು ಎಂದಿದ್ದಳು ಚಿಕ್ಕಮ್ಮ. ಎರಡು ದಿನ ಅತ್ತವಳಿಗೆ ಹೊಸ ಗೋಲಿಯ ಡಬ್ಬಿ ತಂದುಕೊಟ್ಟಿದ್ದಳು.

ಆಮೇಲಿನ ಇಪ್ಪತ್ತಾರು ವರ್ಷದಲ್ಲಿ ಎಷ್ಟು ಸಲ ಹೇಳಿದ್ದಳೋ: "ನಾನು ಶೆಡ್ಡು ದಾಟಿದವಳೇ ಅಲ್ಲ ಕಣೇ. ಆ ರಸ್ತೆ ಮೇಲೆ ಒಂದು ದಿನ ಕಾಲಿಟ್ಟಿಲ್ಲ."

"ಯಾಕೆ ಹಾಗೆ ನೋಡ್ತೀಯ, ಪುಟ್ಟಿ?" ಮಾಮ ಕೇಳಿದ. "ನೀರು ಕುಡೀತೀಯಾ?"

"ಮಾಮ, ಅಪ್ಪನ ಸೀಟಿ ಅವನ ಹಾಗೇ ಊದೋರು ಬೇರೆ ಯಾರಿದ್ರು?"

ಮಾಮ ಚಿಂದಿ ಬಟ್ಟೆ ಕೆಳಗಿಟ್ಟ. ಗೋಲಿಯನ್ನು ಅವಳ ಅಂಗೈಗಿಟ್ಟು ಬೆರಳುಗಳನ್ನು ತಾನೇ ಮಡಿಸಿದ.

"ಮನೆಗೆ ಹೋಗು, ಮಗಾ. ನನ್ನ ಕೇಳಬೇಡ. ನಾನು ಗುಡ್ಡದ ಈಚೆ ಇದ್ದೋನು."

*

ಬೆಳಿಗ್ಗೆ ಡಬ್ಬಿ ಕಟ್ಟುತ್ತ ಚಿಕ್ಕಮ್ಮ ಕೇಳಿದ್ದು ಬಸ್ಸಿನಲ್ಲಿ ಕೂತಾಗ ನೆನಪಾಯಿತು. "ನಾಳೆ ಮಷೀನು ಬರೋದಾ? ಯಾವ ಕಡೆಯಿಂದ ಕೆರೀತಾರೆ?" ಯಾವ ಕಡೆಯಿಂದ. ಕಸದ ರಸ್ತೆಯ ಹೆಸರೆತ್ತಿದರೆ ಎದ್ದು ಹೋಗುವವಳಿಗೆ ಯಾವ ಕಡೆಯಾದರೇನು?

ಮನೆ ತಲುಪಿದಾಗ ನಾಲ್ಕೂವರೆ. ಹಿತ್ತಲ ಬಾಗಿಲಿನಿಂದ ಬಿಸಿಲು ಅಡುಗೆಮನೆಯ ನಡುವಿನವರೆಗೆ ಬಂದು ಕೂತಿತ್ತು. ಚಿಕ್ಕಮ್ಮ ತೊಳೆದ ಹಾಲಿನ ಕವರ್‌ಗಳನ್ನು ದಾರಕ್ಕೆ ಕ್ಲಿಪ್ ಹಾಕಿ ಒಣಗಿಸುತ್ತಿದ್ದಳು. ಶೆಡ್ಡು ಮುಚ್ಚಿ ಇಷ್ಟು ವರ್ಷವಾದರೂ ಆ ಕೈಗಳು ಒಂದು ಕವರನ್ನೂ ಹಾಗೇ ಬಿಸಾಡಿದ್ದಿಲ್ಲ. ಅದೇ ಕೈಗಳು ಅವಳ ತಲೆ ಬಾಚಿದ್ದು, ಜ್ವರ ಮುಟ್ಟಿ ನೋಡಿದ್ದು, ಕಾಲೇಜಿನ ಅರ್ಜಿ ತುಂಬುವಾಗ ಪಕ್ಕದಲ್ಲಿ ದೀಪ ಹಿಡಿದಿದ್ದು.

"ಇಷ್ಟು ಬೇಗ ಬಂದ್ಯಾ? ಡಬ್ಬಿ ಖಾಲಿ ಮಾಡಿದ್ಯೋ, ಹಾಗೇ ಹೊತ್ಕೊಂಡು ಬಂದ್ಯೋ?"

ಅವಳು ಚೀಲ ಕೆಳಗಿಟ್ಟಳು. ಕಣ್ಣು ಅಡುಗೆಮನೆಯ ಚೌಕಟ್ಟಿನ ಮೊಳೆಗೆ ಹೋಯಿತು. ಅಪ್ಪನ ಸೀಟಿ ಅಲ್ಲೇ ತೂಗುತ್ತಿತ್ತು. ಅದರ ಹಿತ್ತಾಳೆಗೆ ಒಂದು ಚೂರೂ ಕಿಲುಬು ಹತ್ತಿರಲಿಲ್ಲ. ಯಾರೋ ಅದನ್ನು ಉಜ್ಜುತ್ತಲೇ ಬಂದಿದ್ದರು.

"ಯಾಕೇ, ಮುಖ ಹೀಗಿದೆ? ಆಫೀಸಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

ಕೇಳಬೇಕಾದ ಮಾತು ಒಂದೇ ಇತ್ತು. ಕೇಳಿದರೆ ಅಪ್ಪನ ಹೆಸರು ವಾಪಸ್ ಬರುತ್ತದೆ, ಈ ಮನೆ ಹೋಗುತ್ತದೆ. ಕೇಳದಿದ್ದರೆ ನಾಳೆ ಆರು ಗಂಟೆಗೆ ಎಲ್ಲವೂ ಪುಡಿಯಾಗಿ ಹೊಸ ರಸ್ತೆಯ ಅಡಿ ಸೇರುತ್ತದೆ, ಯಾರೂ ಎಂದೂ ಕೇಳುವುದಿಲ್ಲ. ಸುಮ್ಮನಿದ್ದುಬಿಡುವುದು ಎಷ್ಟು ಸುಲಭ ಎಂದು ಅವಳಿಗೆ ಭಯವಾಯಿತು.

ಮುಷ್ಟಿಯನ್ನು ಮೇಜಿನ ಮೇಲಿಟ್ಟು, ಬಿಚ್ಚಿದಳು.

ಕೆಂಪು ಎಸಳಿನ ಗೋಲಿ ಸ್ವಲ್ಪ ಉರುಳಿ, ಚಕ್ಕೆ ಎದ್ದ ಕಡೆಗೆ ವಾಲಿ ನಿಂತಿತು.

ಚಿಕ್ಕಮ್ಮ ಅದನ್ನು ನೋಡಿದಳು. ಬೆಚ್ಚಲಿಲ್ಲ. ಇದೆಲ್ಲಿಂದ ಬಂತು ಎಂದು ಕೇಳಲಿಲ್ಲ. ಕೈಯಲ್ಲಿದ್ದ ಕವರನ್ನು ದಾರಕ್ಕೆ ಸಿಕ್ಕಿಸಿ, ಸೆರಗಿಗೆ ಕೈ ಒರೆಸಿಕೊಂಡು, ಕುರ್ಚಿ ಎಳೆದು ಕೂತಳು. ಬೆರಳ ತುದಿಯಿಂದ ಗೋಲಿಯನ್ನು ಮುಟ್ಟಿದಳು, ಮಲಗಿದ ಮಗುವಿನ ಕೆನ್ನೆ ಮುಟ್ಟುವ ಹಾಗೆ.

"ಇದೊಂದೇ ಸಿಕ್ತಾ?"

"ಅಂದ್ರೆ?"

"ಎರಡು ಇಟ್ಟಿದ್ದೆ ಕಣೇ. ಆ ದಿನದ ಮಾಲು ಶುರುವಾದಲ್ಲಿ ಒಂದು, ಮುಗಿದಲ್ಲಿ ಒಂದು. ಯಾವತ್ತಾದ್ರೂ ಯಾರಾದ್ರೂ ಮೂರು ಗೇಣು ಅಳೆದು ನೋಡ್ತಾರೆ ಅಂತ. ಅಳೆದರೆ ಅದು ನೀನೇ ಅಂತಾನೂ ಗೊತ್ತಿತ್ತು." ಚಿಕ್ಕಮ್ಮ ಎದ್ದು, ಮೊಳೆಯಿಂದ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡಳು. ಚಪ್ಪಲಿ ಹುಡುಕುತ್ತ ಬಾಗಿಲಿಗೆ ನಡೆದಳು. "ನಿನ್ನ ಡ್ರಿಲ್ಲರಿಗೆ ಫೋನ್ ಮಾಡು. ಹದಿನಾಲ್ಕನೇ ಗೆರೆಗೆ ಬಾ ಅನ್ನು, ಬೆಳಕಿರೋವಾಗಲೇ."

"ಚಿಕ್ಕಮ್ಮ, ಆ ಸೀಟಿ ಊದಿದ್ದು..."

"ನಾನೇ. ಊದು ಅಂದೋರು ಯಾರು ಅಂತ ನಾನು ಹೇಳಿದ್ರೆ ನೀನು ನಂಬಲ್ಲ. ಅದಕ್ಕೇ ಎರಡನೇದು ಬೇಕು." ಹೊಸ್ತಿಲ ಮೇಲೆ ನಿಂತು ಚಿಕ್ಕಮ್ಮ ತಿರುಗಿ ನೋಡಿದಳು. "ಅದು ಗೋಲಿ ಅಲ್ಲ, ಊದು ಅಂದೋರದೇ ಗುರುತು."